ಗಟ್ಟಿ ಸ್ಟ್ಯಾಂಡು

ಮೂರನೆಯ ಸ್ಟ್ಯಾಂಡಿನ ಮೇಲೂ ನೀರು ನಡುಗುತ್ತಲೇ ಇತ್ತು.

ಬಾಳೇಶ ಮೊಣಕಾಲೂರಿ, ಮೀನಿನ ತೊಟ್ಟಿಯ ಗಾಜಿಗೆ ಮೂಗು ಹಚ್ಚಿ ನೋಡಿದ. ಮೊದಲು ತಂದದ್ದು ಟಿವಿ ಇಡುವ ಪ್ಲೈವುಡ್ ಕಪಾಟು. ನೀರು ತುಂಬುವ ಮೊದಲೇ ಅದರ ನಡು ಬಾಗಿತು. ಆಮೇಲೆ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಸ್ಟ್ಯಾಂಡು ಮಾಡಿಸಿದ. ತೊಟ್ಟಿಯೇನೋ ನಿಂತಿತು, ನೀರು ನಿಲ್ಲಲಿಲ್ಲ. ಈಗ ಗುಜರಿಗೆ ಹೊರಟಿದ್ದ ಹಳೇ ಮಗ್ಗದ ಬೀಡುಕಬ್ಬಿಣದ ಚೌಕಟ್ಟುಗಳನ್ನೇ ನಿಲ್ಲಿಸಿ, ಮೇಲೆ ಗ್ರಾನೈಟ್ ಚಪ್ಪಡಿ ಹಾಸಿ, ಲೆವೆಲ್ ನೋಡಿ ತೊಟ್ಟಿ ಕೂರಿಸಿದ್ದ. ಆನೆ ಹತ್ತಿದರೂ ಅಲುಗದಂಥದ್ದು. ಆದರೂ ನೀರಿನ ಮೇಲೆ ಸಣ್ಣ ಸಣ್ಣ ಗೆರೆಗಳು ಓಡುತ್ತಿದ್ದವು. ಅವನ ತಲೆ ಕೆಟ್ಟು ಮೊಸರುಗಡಿಗೆಯಾಗಿತ್ತು.

ಕರೆಂಟಿನ ಮಗ್ಗಗಳ ಖೋಲಿ, ಅಡುಗೆಮನೆ ಬಿಟ್ಟರೆ ಉಳಿದದ್ದು ಈ ಪಡಸಾಲೆಯೊಂದೇ. ತೊಟ್ಟಿ ಇಡಲು ಒಂದೇ ಗೋಡೆ, ಆ ಗೋಡೆಯ ಪಕ್ಕದಲ್ಲೇ ತಾಯಿ ಶಂಕ್ರೆವ್ವನ ಮಂಚ. ತುಂಬಿದ ತೊಟ್ಟಿ ಮೂರು ಕ್ವಿಂಟಲ್ ಭಾರ. ಜಾರಿದರೆ ಗಾಜು, ನೀರು ಎಲ್ಲ ಅವಳ ಮೈಮೇಲೆಯೇ. ಮೀನು ತಂದದ್ದೂ ಅವಳಿಗಾಗಿಯೇ. ಕಣ್ಣು ಮುಚ್ಚಿಕೊಂಡೇ ಹರಿದ ಎಳೆ ಗಂಟು ಹಾಕುತ್ತಿದ್ದ ಶಂಕ್ರೆವ್ವ, ದೀಪಾವಳಿ ಆದಮೇಲೆ ‘ಕಣ್ಣು ಮಂಜಾಗ್ಯಾವು’ ಎಂದು ಮಗ್ಗ ಬಿಟ್ಟು ಮಂಚ ಹಿಡಿದಿದ್ದಳು. ಅವಳಿಗೆ ಹೊತ್ತು ಹೋಗಲಿ ಎಂದು ಮಗ ಜಮಖಂಡಿಯಿಂದ ಮೀನು ತಂದಿದ್ದ.

"ಯವ್ವಾ, ನಿನ್ನ ಕಾಟ್ ಆಚಿಕಡೆ ಸರಸಲೇನು?"

"ಬ್ಯಾಡೋ. ನನ್ನ ಟೀಪಾಯಿ ಒಯ್ದು ಹಿತ್ತಲದಾಗ ಇಟ್ಟೀರಿ, ಅದ ಸಾಕು." ಬಕೆಟ್ಟಿನಲ್ಲಿ ತೇಲುತ್ತಿದ್ದ ಮೀನಿನ ಚೀಲದತ್ತ ಬಗ್ಗಿ ನೋಡಿ ಹೇಳಿದಳು: "ಆ ಸಣ್ಣ ಮೀನಿನ ರೆಕ್ಕಿ ಹರದೈತಿ ನೋಡು."

ಬಾಳೇಶ ನೋಡಿದ. ಖರೆ, ಹರಿದಿತ್ತು. ಮಂಜುಗಣ್ಣಿಗೆ ಇದು ಹೇಗೆ ಕಂಡಿತೋ! ಅದನ್ನು ಯೋಚಿಸುವಷ್ಟು ಪುರುಸೊತ್ತು ಅವನಿಗಿರಲಿಲ್ಲ.

ಹೆಂಡತಿ ಶೀತಲ ಬಾಗಿಲಲ್ಲಿ ನಿಂತು ನಕ್ಕಳು. "ಸ್ಟ್ಯಾಂಡಿಂದೇನೂ ತಪ್ಪಿಲ್ರಿ. ನೆಲಾನ ನಡಗಾಕತ್ತೈತಿ."

"ಏನ್ ಹೇಳ್ತಿ? ಹುಟ್ಟಿದಾಗಿಂದ ಈ ಮನ್ಯಾಗ ಅದೀನಿ, ನಂಗ ಗೊತ್ತಾಗೂದಿಲ್ಲೇನು?"

"ಹುಟ್ಟಿದಾಗಿಂದ ಅದೀರಿ, ಅದಕ್ಕ ಗೊತ್ತಾಗೂದಿಲ್ಲ. ನಾ ಸಮೀರವಾಡಿಯಿಂದ ಹೊಸದಾಗಿ ಬಂದಾಗ ಹಾಸಿಗಿ ಸೈತ ಜುಮುಜುಮು ಅಂತಿತ್ತು. ಒಮ್ಮೆ ಮಗ್ಗ ಬಂದ್ ಮಾಡಿ ನೋಡ್ರಿ."

"ಮಗ್ಗ ಯಾಕ ನಿಲ್ಲಸ್ತೀರಿ?" ಶಂಕ್ರೆವ್ವ ಒಮ್ಮೆಲೇ ಗದರಿದಳು. "ನಡಿಯೋ ಮಗ್ಗ ನಿಲ್ಲಸಬಾರದು. ನೀರು ನಡಗಿದ್ರ ನಡಗಲಿ ಬಿಡು."

ಯಾವುದಕ್ಕೂ ಸಿಟ್ಟಾಗದ ಮುದುಕಿ ಇಷ್ಟಕ್ಕೆ ಯಾಕೆ ಉರಿದುಬಿದ್ದಳೆಂದು ಬಾಳೇಶನಿಗೆ ತಿಳಿಯಲಿಲ್ಲ. ಒಳಗೆ ಹೋಗಿ ಮಗ್ಗಗಳ ಸ್ವಿಚ್ ಆರಿಸಿ ಬಂದ. ನೀರಿನ ಗೆರೆಗಳು ಕಡಿಮೆಯಾದವು, ನಿಲ್ಲಲಿಲ್ಲ. ಎಡಕ್ಕೆ ನೆರೆಮನೆಯ ಹೊಳಬಸಪ್ಪನ ಮಗ್ಗ, ಬಲಕ್ಕೆ ಇನ್ನೊಬ್ಬರವು, ಇಡೀ ಓಣಿಯೇ ಖಟಪಟ ಎನ್ನುತ್ತಿತ್ತು. ಹಾಗಾದರೆ ತಪ್ಪು ನೆಲದ್ದೋ, ಸ್ಟ್ಯಾಂಡಿನದ್ದೋ, ತನ್ನ ಕಣ್ಣಿನದೋ? ಗಡ್ಡ ಕೆರೆದುಕೊಳ್ಳುತ್ತ ನಿಂತ.

ಶೀತಲ ಚಹಾ ತಂದಳು. ಶಂಕ್ರೆವ್ವನ ಕೈ ಟೀಪಾಯಿ ಇದ್ದ ಜಾಗಕ್ಕೆ ಹೋಗಿ, ಅಲ್ಲಿದ್ದ ತಣ್ಣನೆಯ ಕಬ್ಬಿಣ ಮುಟ್ಟಿ ಹಿಂದೆ ಬಂತು. "ಅಲ್ಲೆಲ್ಲೆರ ಇಡು, ಆರಲಿ" ಎಂದಳು. ಇಡಲು ಜಾಗ ಎಲ್ಲಿತ್ತು? ಸೊಸೆ ಕಪ್ಪು-ಬಸಿಯನ್ನು ಅವಳ ಕೈಗೇ ಕೊಟ್ಟು ಒಳಗೆ ಹೋದಳು.

ಅಷ್ಟರಲ್ಲಿ ಕರೆಂಟು ಹೋಯಿತು. ಓಣಿಗೆ ಓಣಿಯೇ ಥಟ್ಟನೆ ಸುಮ್ಮನಾಯಿತು. ಈ ನೇಕಾರರ ಊರು ಬನಹಟ್ಟಿಯ ಮಂದಿ ಮಗ್ಗದ ಸದ್ದಿನಲ್ಲಿ ಗೊರಕೆ ಹೊಡೆಯುತ್ತಾರೆ, ಅದು ನಿಂತರೆ ಎದ್ದು ಕೂರುತ್ತಾರೆ. ಹೊಳಬಸಪ್ಪ ಹೊರಗೆ ಬಂದು ಆಕಳಿಸಿದ್ದೂ ಕೇಳಿಸಿತು.

ತೊಟ್ಟಿಯ ನೀರು ಕನ್ನಡಿಯಂತೆ ನಿಂತಿತ್ತು. ಒಂದು ಗೆರೆಯೂ ಇಲ್ಲ.

"ಹೋ! ಗಟ್ಟಿ ಐತಿ! ಯವ್ವಾ, ಸ್ಟ್ಯಾಂಡ್ ಗಟ್ಟಿ ಐತಿ!" ಬಾಳೇಶನಿಗೆ ಎದೆಯ ಮೇಲಿನ ಬಂಡೆ ಇಳಿದಂತಾಯಿತು. ಇನ್ನು ಅವ್ವ ನಿಶ್ಚಿಂತೆಯಿಂದ ಮಲಗಬಹುದು.

ಆಗ ಕೇಳಿಸಿತು, ಕಿಣಿಕಿಣಿ ಎಂಬ ಸಣ್ಣ ಸದ್ದು. ಗಾಜು ಬಿರುಕು ಬಿಡುತ್ತಿದೆಯೇ? ಗಾಬರಿಯಿಂದ ತೊಟ್ಟಿಗೆ ಕಿವಿ ಹಚ್ಚಿದ. ಅಲ್ಲಿ ಏನೂ ಇಲ್ಲ. ಚಪ್ಪಡಿಗೆ ಹಚ್ಚಿದ, ಅಲ್ಲೂ ಇಲ್ಲ. ಸದ್ದು ಮಾತ್ರ ನಿಲ್ಲಲೊಲ್ಲದು. ಏನೂ ತಿಳಿಯದೆ ತಿರುಗಿ ನೋಡಿದ.

ಶಂಕ್ರೆವ್ವನ ಕೈಯಲ್ಲಿ ಬಸಿಯ ಮೇಲೆ ಕಪ್ಪು ಕುಣಿಯುತ್ತಿತ್ತು. ಚಹಾ ತುಳುಕಿ ಬಸಿಗೆ, ಬಸಿಯಿಂದ ಸೀರೆಗೆ ಇಳಿಯುತ್ತಿತ್ತು. ಎರಡೂ ಕೈಯಿಂದ ಬಿಗಿಹಿಡಿದರೂ ಅದು ನಿಲ್ಲುತ್ತಿರಲಿಲ್ಲ.

ಕರೆಂಟು ಹೋದಾಗಲೆಲ್ಲ ಅವಳು ಕಪ್ಪನ್ನು ಟೀಪಾಯಿಯ ಮೇಲಿಟ್ಟು ‘ಬಿಸಿ ಐತಿ, ಆರಲಿ’ ಎನ್ನುತ್ತಿದ್ದುದು ಅವನಿಗೆ ನೆನಪಾಯಿತು. ಹರಿದ ರೆಕ್ಕೆಯನ್ನು ಕಂಡ ಕಣ್ಣು ನೆನಪಾಯಿತು. ಮಗ್ಗ ಬಿಡಿಸಿದ್ದು ಕಣ್ಣಲ್ಲ.

ಶಂಕ್ರೆವ್ವ ಮಗನ ಮುಖ ನೋಡಲಿಲ್ಲ. ಕಪ್ಪನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತ ಕೇಳಿದಳು:

"ಕರೆಂಟ್ ಯಾವಾಗ ಬರತೈತೋ, ಬಾಳ್ಯಾ?"