ಕೊನೆಯ ಕೊಳವೆಗಾಗಿ

"ಸಮಸ್ತ ನಾಗರಿಕರ ಗಮನಕ್ಕೆ! ಇಂದಿನಿಂದ ರಕ್ತ ತೊಳೆಯುವ ಕೇಂದ್ರದಲ್ಲಿ ಚಪ್ಪಲಿ ಇಟ್ಟು ಸಾಲು ಹಿಡಿಯತಕ್ಕದ್ದಲ್ಲ!"

ಮೈಕು ಸುಮ್ಮನಾಗುವಷ್ಟರಲ್ಲಿ ಸಾಲಿನಲ್ಲಿ ಹೊಡೆದಾಟವೆದ್ದು ಮೊದಲ ಹಲ್ಲು ಉದುರಿತು. ರಕ್ತ ತೊಳೆಯುವಾಗ ಅದರ ಕೊಬ್ಬು ಹೀರುವ ಕೊಳವೆ ಉಳಿದದ್ದು ಒಂದೇ, ಅದೂ ಒಬ್ಬರಿಗಷ್ಟೇ. ದೋಸೆ ಹೋಟೆಲಿನ ಕೊಟ್ರಪ್ಪನ ಮಾತೂ ಬೆಣ್ಣೆ, ರಕ್ತವೂ ಬೆಣ್ಣೆ. ಈ ವಾರ ತೊಳೆಸದಿದ್ದರೆ ಎದೆ ನಿಲ್ಲುತ್ತದೆ ಎಂದಿದ್ದರು ಡಾಕ್ಟರು.

"ನನ್ ಚಪ್ಲಿ ಮುಂದಿತ್ತಲೇ!" ಎಂದವನ ಮೂಗನ್ನು ಕೊಟ್ರಪ್ಪ ಜಜ್ಜಿದ. ಅಡ್ಡ ಬಂದ ಆರು ಮಂದಿಯನ್ನೂ ಕೆಡವಿ, ಗೂಳಿಯಂತೆ ಬುಸುಗುಡುತ್ತ ಕುರ್ಚಿಯಲ್ಲಿ ಕೂತು ತೋಳು ಚಾಚಿದ.

ನರ್ಸ್ ಶಾಂತವ್ವ ಅವನ ಒಡೆದ ತುಟಿ ನೋಡಿದಳು.

"ಏಳಣ್ಣ. ರಕ್ತ ಹೆಪ್ಪುಗಟ್ಟದಂಗೆ ಔಷಧ ಕೊಟ್ಟೇ ತೊಳೆಯೋದು. ಗಾಯ ಆದೋರಿಗೆ ಕೊಟ್ರೆ ರಕ್ತ ನಿಲ್ಲಲ್ಲ. ರೂಲ್ಸು!"

"ಮತ್ತೆ ಯಾರಿಗ್ ಹಾಕ್ತೀಯವ್ವ?"

ಶಾಂತವ್ವ ನೆಲದ ಮೇಲೆ ರಕ್ತ ಸುರಿಸುತ್ತ ನರಳುತ್ತಿದ್ದ ಸಾಲನ್ನೊಮ್ಮೆ ನೋಡಿ, ಕೊಳವೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದಳು.