ಅರ್ಗಿರೋಳ ಹನ್ನೊಂದು ಗಂಟೆಯ ಪ್ರಾರ್ಥನೆ

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಅರ್ಗಿರೋ ತಲೆಗೆ ಕರಿಬಟ್ಟೆ ಬಿಗಿದುಕೊಂಡು ಹಾಯಿದೋಣಿಯಿಂದ ದಡಕ್ಕೆ ಇಳಿದಳು. ಹಲಗೆಯ ಅಲುಗಾಟ ನಿಂತ ಮೇಲೆ ಅವಳ ಗಂಡ ಲಾಂಬ್ರೋಸ್ ಹಿಂದಿನಿಂದ ಇಳಿದ. ಇಪ್ಪತ್ತು ಹೆಜ್ಜೆ ಅಂತರ. ಅರವತ್ತಾರನೇ ವಯಸ್ಸಿನಲ್ಲಿ ಪತ್ತೇದಾರಿಕೆ ಕಲಿಯಬೇಕಾಗಿ ಬಂದದ್ದು ಅವನಿಗೆ ಬೇಸರ ತಂದಿತ್ತು. ಅವನ ಮೊಣಕಾಲಿಗೆ ಅದಕ್ಕಿಂತ ಹೆಚ್ಚು.

ದಿನಾ ಅವಳು ಹೇಳುತ್ತಿದ್ದುದು ಒಂದೇ ಮಾತು: ಚರ್ಚಿಗೆ. ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸ. ಮೇಣದಬತ್ತಿ ಹಚ್ಚಿ ಬರುತ್ತೇನೆ ಎಂದರೆ ಯಾವ ಗಂಡ ಬೇಡವೆಂದಾನು? ಆದರೆ ನಿನ್ನೆ ಬಂದರಿನಲ್ಲಿ ಪಾದ್ರಿ ಮಾಥಿಯೋಸ್ ಸಿಕ್ಕಿದ್ದರು.

"ನನ್ನ ಹೆಂಡತಿ ಭಕ್ತಿ ನೋಡಿ ನಿಮಗೆ ಖುಷಿಯಾಗಿರಬೇಕು, ಫಾದರ್."

"ಖುಷಿಯಾಗೋಕೆ ಆಯಮ್ಮ ಕಣ್ಣಿಗೆ ಬೀಳಬೇಕಲ್ಲಪ್ಪ! ಹತ್ತೂವರೆಗೆ ಬೀಗ ಹಾಕಿ ನಾನು ಮೇಲಿನ ಊರಿಗೆ ಹೋಗ್ತೀನಿ."

ಅಲ್ಲಿಂದಾಚೆಗೆ ಲಾಂಬ್ರೋಸ್‌ಗೆ ಎಲ್ಲವೂ ಕಾಣತೊಡಗಿತು. ವಾಪಸು ಬರುವಾಗ ಅವಳು ಲವಂಗ ಜಗಿಯುತ್ತಿದ್ದಳು. ಕೆನ್ನೆ ಕೆಂಪಾಗಿರುತ್ತಿತ್ತು. ಬಾಯಲ್ಲಿ ಯಾವುದೋ ಹಾಡು. ಮಧ್ಯಾಹ್ನದ ತಟ್ಟೆಯಲ್ಲಿ ಎರಡು ತುತ್ತು ಕೆದಕಿ "ಹಸಿವಿಲ್ಲ" ಅನ್ನುತ್ತಿದ್ದಳು. ಪ್ರಾರ್ಥನೆಯಿಂದ ಹೊಟ್ಟೆ ತುಂಬುತ್ತದೆಂದು ಅವನು ನಂಬಿದ್ದ.

ಸಮುದ್ರವೇ ಕಾಣದ ಲಾರಿಸಾದಲ್ಲಿ ಮೂವತ್ತನಾಲ್ಕು ವರ್ಷ ಅವನದು ಮಾಂಸದಂಗಡಿ. ಮೂವತ್ತನಾಲ್ಕು ವರ್ಷವೂ ಅವನ ಅಂಗಿಯನ್ನು ಅವಳು ಎರಡೇ ಬೆರಳಲ್ಲಿ ಎತ್ತುತ್ತಿದ್ದಳು. "ನಿನ್ನ ಪಕ್ಕ ಮಲಗೋದೂ ಒಂದೇ, ಕುರಿದೊಡ್ಡೀಲಿ ಮಲಗೋದೂ ಒಂದೇ." ಅದಕ್ಕೇ ಅಂಗಡಿ ಮಾರಿದ, ದೋಣಿ ಕೊಂಡ, ಅದರ ಮೇಲೆ ಅವಳ ಹೆಸರು ಬರೆಸಿದ. ಇನ್ನು ಬದುಕಿರುವವರೆಗೆ ಸಮುದ್ರದ ವಾಸನೆ ಮಾತ್ರ ಎಂದು ಆಣೆಯಿಟ್ಟ. ಈಜು ಬಾರದ ಅರ್ಗಿರೋ ಕಂಬ ಹಿಡಿದುಕೊಂಡು ದೋಣಿ ಹತ್ತಿದಳು. ದೋಣಿ ಬಂದು ನಿಂತ ಈ ದ್ವೀಪದವರು ಅವನನ್ನು ಕ್ಯಾಪ್ಟನ್ ಎಂದು ಕರೆದರು, ನಗು ತಡೆದುಕೊಂಡೇ.

ಉಪವಾಸಕ್ಕೆ ಮಾಂಸ ನಿಷಿದ್ಧ, ಮೀನೂ ನಿಷಿದ್ಧ. ರಕ್ತವಿಲ್ಲದ ಕಡಲಪ್ರಾಣಿಗೆ ಮಾತ್ರ ದೇವರ ಅಡ್ಡಿಯಿಲ್ಲ. ಹಾಗಾಗಿ ಅವರ ಕಠಿಣ ವ್ರತ ಹೀಗೆ ಸಾಗಿತ್ತು: ಸೋಮವಾರ ವೈನಿನಲ್ಲಿ ಬೆಂದ ಆಕ್ಟೋಪಸ್, ಮಂಗಳವಾರ ಅನ್ನ ತುಂಬಿದ ಬೊಂಡಾಸ್ ಎಂಬ ಸ್ಕ್ವಿಡ್, ಬುಧವಾರ ಸಿಗಡಿ, ಮತ್ತೆ ಆಕ್ಟೋಪಸ್. ಪ್ರತಿ ತಟ್ಟೆಯ ಫೋಟೋ ಲಾರಿಸಾದ ಗೆಳೆಯರಿಗೆ ಹೋಗುತ್ತಿತ್ತು, ಕೆಳಗೆ 'ಸ್ವರ್ಗ' ಎಂಬ ಒಕ್ಕಣೆ. ಸ್ವರ್ಗದಲ್ಲಿ ಅಡುಗೆ ಬದಲಾಗುವುದಿಲ್ಲವೆಂದು ಮಾತ್ರ ಯಾರೂ ಮೊದಲೇ ಹೇಳಿರುವುದಿಲ್ಲ.

ಸಂಜೆ ಐದಕ್ಕೆ ಅವನು ಗಾಳದ ಎರೆ ತರಲು ಹೋಗುತ್ತಿದ್ದ, ಏಳಕ್ಕೆ ಬರುತ್ತಿದ್ದ. ಮೀನು ಮಾತ್ರ ಒಂದೂ ಕಚ್ಚಿರಲಿಲ್ಲ. ಪಕ್ಕದ ದೋಣಿಯ ಮಿಕೇಸ್ ಕಿಚಾಯಿಸುತ್ತಿದ್ದ: "ಏನ್ ಕ್ಯಾಪ್ಟನ್, ಎರೆ ಹಾಕಿ ಹಾಕಿ ಮೀನುಗಳನ್ನ ಕೊಬ್ಬಿಸ್ತಾ ಇದೀರಾ?"

"ತಾಳ್ಮೆ ಬೇಕು ಮಾರಾಯ," ಎನ್ನುತ್ತ ಲಾಂಬ್ರೋಸ್ ಕೈಗೆ ನಿಂಬೆಹೋಳು ಉಜ್ಜಿಕೊಳ್ಳುತ್ತಿದ್ದ. ಕಡಲಗಾಳಿ ಮೈಗೆ ಹಿಡಿಸಿತ್ತು. ಬೆಲ್ಟಿಗೆ ಹೊಸ ತೂತು ಬಿದ್ದಿತ್ತು.

ಈಗ ಬೀಗ ಬಿದ್ದಿದ್ದ ಚರ್ಚನ್ನು ಅರ್ಗಿರೋ ದಾಟಿದಳು. ನಡೆಯುತ್ತಲೇ ಎದೆಯ ಮೇಲೆ ಶಿಲುಬೆ ಗೀಚಿಕೊಂಡಳು. ಬ್ರೆಡ್ ಅಂಗಡಿಯ ಪಕ್ಕದ ಓಣಿಗೆ ತಿರುಗಿದಳು. ಹಿತ್ತಲ ಬಾಗಿಲು ತೆರೆಯಿತು, ಅವಳನ್ನು ಒಳಗೆ ಬಿಟ್ಟುಕೊಂಡಿತು, ಮುಚ್ಚಿತು.

ಬ್ರೆಡ್ ಅಂಗಡಿಯ ಸೊತೀರಿಸ್! ಆರು ವರ್ಷದ ಹಿಂದೆ ಹೆಂಡತಿ ಸತ್ತವನು. ಹಿಟ್ಟು ನಾದಿ ನಾದಿ ಕಂಬದಂತಾದ ತೋಳು. ಈ ಊರಿನಲ್ಲಿ ಲಾಂಬ್ರೋಸ್ ಕಣ್ಣುಮುಚ್ಚಿ ನಂಬಿದ್ದ ಒಬ್ಬನೇ ಗಂಡಸು. ಇವಳು ಹೋದರೆ ಇವಳ ಹೆಸರು ಹೊತ್ತ ದೋಣಿಯಲ್ಲಿ ಒಬ್ಬನೇ ಎಲ್ಲಿಗೆ ಹೋಗುವುದು?

ಅವನು ಬಾಗಿಲು ದೂಡಿದ.

ಬೆಂಚಿನ ಮೇಲೆ ಅರ್ಗಿರೋ ಕೂತಿದ್ದಳು. ಎರಡೂ ಕೈಯಲ್ಲಿ ಕುರಿಮರಿಯ ಪಕ್ಕೆಲುಬು. ಗಲ್ಲದ ಮೇಲೆ ಕೊಬ್ಬು ಮಿನುಗುತ್ತಿತ್ತು. ಸೊತೀರಿಸ್ ಒಲೆಯಿಂದೆಳೆದ ಕೆಂಡದ ಮುಂದೆ, ಬಾಗಿಲಿಗೆ ಬೆನ್ನು ಹಾಕಿ ಕುಕ್ಕುರುಗಾಲಲ್ಲಿದ್ದ.

"ಲಾಂಬ್ರೋ..." ಅವಳ ಕಣ್ಣು ತುಂಬಿತು. "ಇನ್ನೊಂದು ಆಕ್ಟೋಪಸ್ ತಿಂದ್ರೆ ನನಗೇ ಎಂಟು ಕಾಲು ಬರುತ್ತೆ ಕಣೋ. ಹೇಗೆ ಹೇಳ್ಲಿ? ನನ್ನ ಬಾಯಿಗೆ ಹೆದರಿ ನೀನು ಅಂಗಡೀನೇ ಮಾರಿದೆ. ಆ ಚಿಪ್ಪು, ಸಿಗಡಿ ತಿಂದ್ಕೊಂಡು ಎಷ್ಟು ಖುಷಿಯಾಗಿದೀಯ."

ಗಂಡಸಲ್ಲ, ಕುರಿ! ಲಾಂಬ್ರೋಸ್‌ಗೆ ಹೋದ ಜೀವ ಬಂದಂತಾಯಿತು. ಜೀವದ ಹಿಂದೆಯೇ ಧರ್ಮವೂ ಬಂತು.

"ಉಪವಾಸದಲ್ಲಿ! ಅದೂ ಕದ್ದು!" ಎಂದು ಗುಡುಗಿದ. "ನಾನು ನಿನ್ನ ನಂಬಿಕೊಂಡು ಅಲ್ಲಿ ಬೊಂಡಾಸ್ ಜಗೀತಾ ಕೂತಿದ್ರೆ, ನೀನಿಲ್ಲಿ... ಗಂಡ ಹೆಂಡತಿ ಅಂದಮೇಲೆ ಮುಚ್ಚುಮರೆ ಇರಬಾರದು, ಅರ್ಗಿರೋ. ನನಗಾದ ನೋವು ದೇವರಿಗೇ ಗೊತ್ತು."

ಅವಳು ತಲೆ ತಗ್ಗಿಸಿದಳು.

"ಕೂತ್ಕೊಳ್ಳಿ ಕ್ಯಾಪ್ಟನ್," ಎಂದ ಸೊತೀರಿಸ್, ತಿರುಗಿಯೂ ನೋಡದೆ ಕೆಂಡ ಕೆದಕುತ್ತ. "ದಿನಾ ಐದು ಗಂಟೆಗೆ ಬಂದು ತಿನ್ನೋದನ್ನ, ಇವತ್ತು ಅಮ್ಮನವರ ಜೊತೇಲೇ ತಿಂದ್ಬಿಡಿ."