ಹಿಟ್ಟು ನಾದಿದವರು ಯಾರು

"ನಾಳಿ ನಮ್ಮ ಮನಿಗೆ ಪಾವ್ ಬೇಕ ನೋಡು ಯಶೋಧರಾ. ಹುಕ್ಕೇರಿಯಿಂದ ನಮ್ಮ ನಾದಿನಿ ಮಂದಿ ಬರಾಕತ್ತಾರ" ಎಂದು ಎದುರು ಮನೆಯ ಅನ್ನಪೂರ್ಣಾ ಹೊಸ್ತಿಲ ಹೊರಗೇ ನಿಂತು ಹೇಳಿದಾಗ, ಯಶೋಧರಾಳಿಗೆ ಸಂತೋಷಕ್ಕಿಂತ ಮೊದಲು ಸಂಶಯ ಹುಟ್ಟಿತು.

ಮೂಡಲಗಿಯ ಈ ಓಣಿಗೆ ಬಂದಾಗಿನಿಂದ ಯಶೋಧರಾ ಮನೆಯಲ್ಲೇ ಬ್ರೆಡ್ಡು, ಪಾವು ಮಾಡಿ ಮಾರುತ್ತಿದ್ದಳು. ಮೊದಲ ಸಲ ಬಿಸಿ ಬ್ರೆಡ್ ಕೊಡಲು ಹೋದಾಗ ಅನ್ನಪೂರ್ಣಾ ಉಪವಾಸ ಎಂದಿದ್ದಳು. ಆಮೇಲೆ ಮೈದಾ ಹೊಟ್ಟೆಗೆ ಆಗಿಬರುವುದಿಲ್ಲ ಎಂದಳು. ಅದೇ ವಾರ ಅವಳ ಚೀಲದಿಂದ ಬಸ್ ಸ್ಟ್ಯಾಂಡಿನ ಬೇಕರಿಯ ಬ್ರೆಡ್ ಪೊಟ್ಟಣ ಇಣುಕುತ್ತಿತ್ತು. ಯಶೋಧರಾಳ ಮನೆಯ ಪಡಸಾಲೆಯಲ್ಲಿದ್ದ ಬುದ್ಧನ ಫೋಟೋ ಬೀದಿಗೇ ಕಾಣುತ್ತಿತ್ತು. ಅದನ್ನು ಕಂಡವರು ಇವರು ಯಾವ ಕೇರಿಯಿಂದ ಬಂದವರೆಂದು ಬೇರೆ ಕೇಳಬೇಕಾಗಿರಲಿಲ್ಲ. ಮತ್ತೆ ಈಗ ಬದಲಾಗಿದ್ದೇನು? ಎಷ್ಟು ಯೋಚಿಸಿದರೂ ಒಂದೇ ಒಂದು ಹೊಳೆಯಿತು. ಮನೆಗೆ ಹಿಟ್ಟು ನಾದುವ ಮಿಷಿನ್ ಬಂದಿತ್ತು.

ಆ ಮಿಷಿನ್ ಆರಿಸಿದ್ದೂ ಸಂಶಯದಿಂದಲೇ. ಗೋಕಾಕದ ಅಂಗಡಿಯವನು ಮೊದಲು ಕೆಂಪು ಬಣ್ಣದ ಹಗುರವಾದದ್ದೊಂದನ್ನು ಮುಂದಿಟ್ಟು, "ಇದರಾಗ ಎಲ್ಲಾ ಆಗತೈತ್ರಿ ಬಾಯಾರ" ಅಂದಿದ್ದ. ಎಲ್ಲಾ ಆಗುತ್ತದೆ ಅನ್ನುವವರನ್ನು ಯಶೋಧರಾ ನಂಬುವವಳಲ್ಲ. ಮನೆಯಿಂದಲೇ ಕಲಸಿ ಒಯ್ದಿದ್ದ ಗಟ್ಟಿ ಹಿಟ್ಟನ್ನು ಅದರಲ್ಲಿ ಹಾಕಿಸಿದಳು. ಮಿಷಿನ್ ಗುರುಗುಟ್ಟುತ್ತ, ಕುಣಿಯುತ್ತ ಟೇಬಲ್ಲಿನ ಅಂಚಿಗೇ ಬಂತು. ಸುಟ್ಟ ವಾಸನೆ ಎದ್ದಿತು. ಕೊನೆಗೆ ಮೂಲೆಯಲ್ಲಿ ಧೂಳು ಹಿಡಿದು ಕೂತಿದ್ದ, ಇಬ್ಬರು ಸೇರಿ ಎತ್ತಬೇಕಾದ, ಉಕ್ಕಿನ ಬೋಗುಣಿಯ ಮಿಷಿನ್ನಿಗೆ ಅದೇ ಹಿಟ್ಟು ಬಿತ್ತು. ಅದು ಅಲುಗದೆ ನಾದಿತು. ಅದನ್ನೇ ತಂದಳು.

ತಂದ ದಿನ ನೋಡಲು ಬಂದಿದ್ದ ಅನ್ನಪೂರ್ಣಾ ಕಿಟಕಿಯ ಹೊರಗೇ ನಿಂತು ಕೇಳಿದ್ದಳು: "ಅಂದ್ರ ಹಿಟ್ಟಿಗೆ ಕೈ ಹಚ್ಚೂದ ಬ್ಯಾಡೇನ?"

"ಬ್ಯಾಡ್ರಿ ಅಕ್ಕಾರ, ಎಲ್ಲಾ ಅದ ನಾದತೈತಿ" ಎಂದು ಯಶೋಧರಾ ಹೆಮ್ಮೆಯಿಂದಲೇ ಉತ್ತರಿಸಿದ್ದಳು. ಉಂಡೆ ಕಟ್ಟಲು ಕೈ ಬೇಕೇ ಬೇಕು. ಅದನ್ನು ಅನ್ನಪೂರ್ಣಾ ಕೇಳಲಿಲ್ಲ, ಇವಳೂ ಹೇಳಲಿಲ್ಲ. ಈಗ ಅನ್ನಪೂರ್ಣಾಳ ಆ ಪ್ರಶ್ನೆ ಮುಳ್ಳಿನಂತೆ ಚುಚ್ಚತೊಡಗಿತು. ಹಿಡಕಲ್ ಡ್ಯಾಮಿನ ಕೆಲಸದಿಂದ ಬಂದ ಗಂಡ ಲಖನನಿಗೆ ಹೇಳಿದರೆ, ಅವನು ನಕ್ಕುಬಿಟ್ಟ. "ನಿನಗ ಹಾಲಿನಾಗೂ ಹುಳಾ ಕಾಣತಾವು. ಗಿರಾಕಿ ಬಂದ್ರ ಕೊಟ್ಟು ಕಳಸು. ಯಾಕ ಬಂದ್ರಿ ಅಂತ ಕೇಳತಾರೇನ?"

ಮರುದಿನ ಅನ್ನಪೂರ್ಣಾ ಬೇಗನೇ ಬಂದಳು. ಮೊದಲ ಸಲ ಒಳಗೆ ಬಂದು ಕುರ್ಚಿಯಲ್ಲಿ ಕೂತಳು. ಅವಳ ಕಣ್ಣು ಮಿಷಿನ್ ಮೇಲೇ ಇತ್ತು. ಬೋಗುಣಿಯಲ್ಲಿ ಹಿಟ್ಟು ಇನ್ನೂ ಅರ್ಧವೂ ನಾದಿ ಆಗಿರಲಿಲ್ಲ, ಕರೆಂಟು ಹೋಯಿತು. ಹಿಟ್ಟು ತಿರುವುತ್ತಿದ್ದ ಉಕ್ಕಿನ ಕೊಕ್ಕೆ ನಿಂತಿತು. ಯಶೋಧರಾ ಸ್ವಲ್ಪ ಹೊತ್ತು ಕಾದು, ನಲ್ಲಿಯ ಕೆಳಗೆ ಕೈ ತೊಳೆದುಕೊಂಡಳು.

"ಏನ ಮಾಡಾಕತ್ತಿ?" ಅನ್ನಪೂರ್ಣಾ ಕುರ್ಚಿಯಿಂದ ಅರ್ಧ ಎದ್ದಳು.

"ಕೈಲೇ ನಾದತೇನ್ರಿ."

"ಅವಸರ ಏನೈತಿ? ಕರೆಂಟ ಬರತೈತಿ, ತಡಿ."

"ಹಿಟ್ಟ ಉಬ್ಬಾಕತ್ತೈತ್ರಿ. ತಡಾ ಆದ್ರ ಹುಳಿ ಹೊಡೀತೈತಿ."

"ಹೊಡೀಲಿ ಬಿಡು. ಭಾಜಿ ಜೋಡಿ ಹುಳಿ ಏನ ಗೊತ್ತಾಗತೈತಿ?"

ಯಶೋಧರಾ ಅವಳ ಮುಖ ನೋಡಿದಳು. ತನ್ನ ಸಂಶಯ ಖರೆಯಾಗಿತ್ತು. ಅದು ಸುಳ್ಳಾಗಲಿ ಎಂದೇ ನಿನ್ನೆಯಿಂದ ಒಳಗೊಳಗೆ ಆಸೆಪಟ್ಟಿದ್ದೆ ಎಂಬುದು ಅವಳಿಗೆ ತಿಳಿದದ್ದು ಆಗಲೇ. ಕೊಕ್ಕೆಯ ಸುತ್ತ ಅಂಟಿದ್ದ ಹಿಟ್ಟನ್ನೆಲ್ಲ ಬಳಿದು ತೆಗೆದು, ಒಲೆಯ ಕಟ್ಟೆಯ ಮೇಲೆ ಹಾಕಿ, ಎರಡೂ ಅಂಗೈಯಿಂದ ಒತ್ತಿ ನಾದತೊಡಗಿದಳು. ಅನ್ನಪೂರ್ಣಾ ಮತ್ತೆ ಕುರ್ಚಿಯಲ್ಲಿ ಕೂತು ಸೆರಗಿನ ಅಂಚನ್ನು ಸುತ್ತುತ್ತ, ಬಿಡಿಸುತ್ತ ಇದ್ದಳು.

ಫಕ್ಕನೆ ಫ್ಯಾನು ತಿರುಗಿತು. ಸ್ವಿಚ್ ಆರಿಸಿರಲಿಲ್ಲವಾದ್ದರಿಂದ ಮಿಷಿನ್ನೂ ಗುಂಯ್ ಎಂದಿತು.

"ಬಂತ, ಬಂತ!" ಅನ್ನಪೂರ್ಣಾಳ ದನಿಗೆ ಜೀವ ಬಂತು. ಹತ್ತಿರ ಬಂದು, ಯಾರೋ ಕೇಳಿಸಿಕೊಳ್ಳುತ್ತಾರೇನೋ ಎಂಬಂತೆ ಪಿಸುಗುಟ್ಟಿದಳು: "ನನಗೇನಿಲ್ಲ ಬೇ, ನಮ್ಮ ನಾದಿನಿ ಇದನ್ನೆಲ್ಲಾ ಭಾಳ ನೋಡತಾಳ. ಹಿಟ್ಟ ತಿರಗಿ ಅದರಾಗ ಹಾಕು. ಒಂದ ಸುತ್ತ ತಿರಗಿದ್ರ ಸಾಕು, ಮಿಷಿನ್ ಮಾಡೇತಿ ಅಂತ ಹೇಳಾಕ ಬರತೈತಿ."

ಯಶೋಧರಾ ಹಿಟ್ಟಿನಿಂದ ಕೈ ತೆಗೆಯಲಿಲ್ಲ.

"ಒಯ್ಯೂದಿದ್ರ, ಯಶೋಧರಾ ಮಾಡ್ಯಾಳ ಅಂತ ಹೇಳಿ ಒಯ್ರಿ ಅಕ್ಕಾರ."

ಅನ್ನಪೂರ್ಣಾ ಒಮ್ಮೆ ಬಾಗಿಲ ಕಡೆ, ಒಮ್ಮೆ ಹಿಟ್ಟಿನ ಕಡೆ ನೋಡಿದಳು. ಹೊರಗೆ ಹೋಗಲಿಲ್ಲ. ಇಬ್ಬರ ನಡುವೆ ಖಾಲಿ ಬೋಗುಣಿಯಲ್ಲಿ ಕೊಕ್ಕೆ ತನ್ನಷ್ಟಕ್ಕೆ ಗರಗರ ತಿರುಗುತ್ತಿತ್ತು.